ರಾಷ್ಟ್ರಪತಿ ಡಾಕ್ಟರ್ ಜಾಕಿರ್ ಹುಸೇನರು

ಭಾರತದ ರಾಷ್ಟ್ರಪತಿ ಪದವಿಯು ಐದು ಸಂವತ್ಸರಗಳ ಅವಧಿಯುಳ್ಳದ್ದು. ಮೂರನೆಯವರಾಗಿ ಆ ಪದವಿಯನ್ನು ಅಲಂಕರಿಸಿದ ಡಾಕ್ಟರ್ ಜಾಕಿರ್ ಹುಸೇನರು ಎರಡು ಸಂವತ್ಸರಗಳನ್ನಾದರೂ ಅದರಲ್ಲಿ ಪೂರ್ಣವಾಗಿ ಕಳೆಯಲಿಲ್ಲ. 1967ನೆಯ ಇಸವಿ ಮೇ 13ರಂದು ಪ್ರಮಾಣ ಸ್ವೀಕಾರ ಮಾಡಿದವರು 1969ನೆಯ ಇಸವಿ ಮೇ 3ರಂದು, ಎರಡು ವರ್ಷ ತುಂಬಲು ಇನ್ನೂ ಹತ್ತು ದಿನಗಳಿರುವಾಗಲೇ ದಿವಂಗತರಾದರು. ಅಧಿಕಾರದಲ್ಲಿರುವಾಗಲೇ ಮರಣಹೊಂದಿದ ರಾಷ್ಟ್ರಪತಿಗಳಲ್ಲಿ ಅವರೇ ಮೊದಲಿಗರು.

ಈ ಪದವಿಯ ಸ್ವರೂಪವನ್ನು ನಮ್ಮ ವಾಚಕರು ಬಲ್ಲರು. ರಾಜ್ಯದ ಸಕಲ ಕಾರ್ಯಗಳೂ ರಾಷ್ಟ್ರಪತಿಯ ಹೆಸರಿನಲ್ಲಿ ನಡೆಯುವುವು. ಆದರೆ ನಡೆಯಿಸುವವರು ಮಂತ್ರಿಗಳು. ಸೈನ್ಯಗಳಿಗೆಲ್ಲ ಆತನೇ ಅಧಿಪತಿ. ಆದರೆ ಮಂತ್ರಿಮಂಡಲದ ಸಲಹೆಯಿಲ್ಲದೆ ಒಬ್ಬ ಸಿಪಾಯಿಯನ್ನೂ ಆತನು ಕದಲಿಸಲಾರನು. ಇಂತಹ ಪೀಠದಲ್ಲಿ ಇಷ್ಟು ಸ್ವಲ್ಪಕಾಲ ಕುಳಿತವರ ಚರಿತ್ರೆಯನ್ನು ಒಂದು ಹೆಣ್ಣುಮಕ್ಕಳ ಪಾಠಶಾಲೆಯ ಸ್ಮರಣ ಸಂಚಿಕೆಯಲ್ಲಿ ಬರೆಯುವುದೇತಕ್ಕೆ ಎಂದು ಯಾರಾದರೂ ಕೇಳಬಹುದು. ಆ ಎರಡು ವರ್ಷಗಳಿಗಿಂತ ಬಹು ಹಿಂದೆ, ಇಪ್ಪತ್ತೆರಡು ವರ್ಷಗಳ ಕಾಲ, ಈ ಮಹನೀಯರು ಹಣವಿಲ್ಲದ ಒಂದು ವಿದ್ಯಾಸಂಸ್ಥೆಯನ್ನು ಹೊತ್ತು ನಿಂತಿದ್ದರು. ಮುಚ್ಚಿಹೋಗಬೇಕಾಗಿದ್ದ ಶಾಲೆಯೊಂದು ಮುಚ್ಚದೆ ಉಳಿಯುವುದು ಹೇಗೆಂಬುದನ್ನು ಅವರ ಜೀವಿತದಲ್ಲಿ ಕಾಣಬಹುದು. ಶಾಲೆಯನ್ನು ಪ್ರೀತಿಸುವವರಿಗೆ ಇದಕ್ಕಿಂತ ಸಮೀಪದ ವಿಷಯವಾವುದು?

ಜಾಕಿರ್ ಹುಸೇನರು 1897ನೆಯ ಇಸವಿ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಜನಿಸಿದರು. ಅವರ ವಂಶಸ್ಥರು ಸಂಯುಕ್ತ ಪ್ರಾಂತದ ಫರೂಖಾಬಾದ್ ಜಿಲ್ಲೆಗೆ ಸೇರಿದ ಕಾಯಂಗಂಜಿನಲ್ಲಿ ನೆಲೆಸಿದ್ದ ಪಠಾಣರು. ತಂದೆ ಫಿದಾ ಹುಸೇನ್ ಖಾನರು ವಕೀಲಿ ವೃತ್ತಿಗಾಗಿ ನಿಜಾಮರ ರಾಜಧಾನಿಗೆ ಹೋಗಿ ಅಲ್ಲಿ ಒಳ್ಳೆಯ ಹೆಸರನ್ನೂ ಅನುಕೂಲವನ್ನೂ ಸಂಪಾದಿಸಿದರು. ಏಳು ಮಂದಿ ಗಂಡುಮಕ್ಕಳಲ್ಲಿ ಜಾಕಿರರು ಮೂರನೆಯವರು. ಆದರೆ 1907ರಲ್ಲಿ ತಂದೆ ತೀರಿಕೊಂಡರು. ತಾಯಿ ನಾಜ್ನೀನ್ ಬೇಗಮರು ಮಕ್ಕಳನ್ನು ಕರೆದುಕೊಂಡು ಕಾಯಂಗಂಜಿಗೆ ಹಿಂದಿರುಗಿದರು. ನಾಲ್ಕು ವರ್ಷಗಳಲ್ಲಿ, ಎಂದರೆ 1911ರಲ್ಲಿ, ಆ ತಾಯಿಯೂ ಪ್ಲೇಗು ಮಾರಿಗೆ ತುತ್ತಾದರು. ಹದಿನಾಲ್ಕು ವರ್ಷದ ಹುಡುಗನಿಗೆ ತಂದೆಯೂ ಇಲ್ಲ, ತಾಯಿಯೂ ಇಲ್ಲ. ಪ್ಲೇಗು ಎಂಬ ಮಾತನ್ನು ಕೇಳಿದರೆ ಊರು ಬಿಟ್ಟು ಗುಡಿಸಲು ಹಾಕಿಕೊಂಡಿದ್ದ ತಮ್ಮ ಹಿರಿಯರ ಕಥೆಗಳು ನಮ್ಮ ನಾಡಿನ ಅನೇಕ ಕುಟುಂಬಗಳಿಗೆ ಇಂದಿಗೂ ನೆನಪಾಗುವುವು. ಆದುದರಿಂದ ಆ ಮನೆಯ ದುಃಖವನ್ನು ನಾವು ವಿಸ್ತರಿಸಬೇಕಾಗಿಲ್ಲ.

ಆ ಸಮಯದಲ್ಲಿ ಬಾಲಕನಿಗೆ ಆಶ್ರಯವಾದುದು ಪಾಠಶಾಲೆಯೇ. ಇಟಾವಾ ಪಟ್ಟಣದ ಇಸ್ಲಾಮಿಯಾ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದ ಸೈಯದ್ ಅಲ್ತಾಫ್ ಹುಸೇನರು ಸರಳಜೀವಿಗಳು, ನಿಷ್ಠಾವಂತರು. ಅವರ ವಿದ್ಯಾರ್ಥಿನಿಲಯದಲ್ಲಿ ಬೆಳೆದ ಜಾಕಿರರು ಒಳ್ಳೆಯ ಉಪಾಧ್ಯಾಯನೊಬ್ಬನು ಅನಾಥ ಬಾಲಕನಿಗೆ ಏನೇನಾಗಬಲ್ಲನೆಂಬುದನ್ನು ಪುಸ್ತಕದಿಂದಲ್ಲ, ಅನುಭವದಿಂದ ಕಲಿತರು. ಮುಂದೆ ಅವರು ಆಡಿದ ಮಾಡಿದ ಎಷ್ಟೋ ಸಂಗತಿಗಳ ಬೇರು ಇಟಾವಾದ ಆ ನಿಲಯದಲ್ಲಿದೆಯೆಂದು ನಮಗೆ ತೋರುತ್ತದೆ.

ವೈದ್ಯರಾಗಬೇಕೆಂಬುದು ಅವರ ಮೊದಲ ಆಸೆ. ಅದಕ್ಕಾಗಿ ವಿಜ್ಞಾನವನ್ನು ಓದಲು ಲಕ್ನೋ ನಗರದ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ನಮ್ಮ ಶಾಲೆಯಂತೆ ಅದೂ ಮಿಷನರಿಗಳು ಸ್ಥಾಪಿಸಿದ ವಿದ್ಯಾಲಯವೆಂಬುದನ್ನು ಇಲ್ಲಿ ಹೇಳಬಹುದು. ಆದರೆ ಕಾಯಿಲೆಯು ಅವರನ್ನು ಅಲ್ಲಿ ನಿಲ್ಲಗೊಡಲಿಲ್ಲ. ಅವರು ಆಲೀಘರಿನ ಕಾಲೇಜಿಗೆ ಬಂದು ತತ್ತ್ವಶಾಸ್ತ್ರ, ಇಂಗ್ಲಿಷ್ ಸಾಹಿತ್ಯ, ಅರ್ಥಶಾಸ್ತ್ರಗಳನ್ನು ಓದಿ 1918ರಲ್ಲಿ ಪದವೀಧರರಾದರು. ಇಷ್ಟರಲ್ಲಿ, 1915ರಲ್ಲಿ, ಷಾಜಹಾನ್ ಬೇಗಮರೊಂದಿಗೆ ಅವರ ವಿವಾಹವಾಗಿದ್ದಿತು. ಮಾತಿನಲ್ಲಿ ಚತುರರು, ವಾದದಲ್ಲಿ ಗಟ್ಟಿಗರು, ಗೆಳೆಯರಿಗೆ ಬೇಕಾದವರು. ಕಾಲೇಜಿನಲ್ಲಿಯೇ ಬೋಧಿಸುತ್ತ ಎಂ.ಎ. ಮತ್ತು ನ್ಯಾಯಶಾಸ್ತ್ರಗಳ ವ್ಯಾಸಂಗವನ್ನು ಮುಂದುವರಿಸುತ್ತಿದ್ದರು. ಸರ್ಕಾರದ ದೊಡ್ಡ ಉದ್ಯೋಗವೊಂದು ಅವರಿಗಾಗಿ ಕಾದಿರುವಂತೆ ಎಲ್ಲರಿಗೂ ಕಾಣುತ್ತಿದ್ದಿತು.

1920ನೆಯ ಇಸವಿ ಅಕ್ಟೋಬರ್ 12ರಂದು ಮಹಾತ್ಮಾ ಗಾಂಧಿಯವರು ಆಲೀಘರಿಗೆ ಬಂದರು. ಸರ್ಕಾರದ ಸಹಾಯದಿಂದ ನಡೆಯುವ ವಿದ್ಯಾಲಯಗಳನ್ನು ಬಿಟ್ಟು ಹೊರಬರಬೇಕೆಂದು ಅವರೂ ಅಲಿ ಸಹೋದರರೂ ವಿದ್ಯಾರ್ಥಿಗಳನ್ನು ಬೇಡಿಕೊಂಡರು. ಜಾಕಿರರು ಅಂದು ದೇಹಾಲಸ್ಯದ ನಿಮಿತ್ತ ವೈದ್ಯರನ್ನು ಕಾಣಲು ದೆಹಲಿಗೆ ಹೋಗಿದ್ದವರು ಸಾಯಂಕಾಲ ಮರಳಿ ಬಂದಾಗ, ತಮ್ಮ ಸಹಪಾಠಿಗಳಲ್ಲಿ ಹಲವರು ಆ ಅತಿಥಿಗಳನ್ನು ಅಣಕಿಸುತ್ತಿದ್ದುದನ್ನು ಕೇಳಿದರು. ಆ ಅಣಕವು ಅವರಿಗೆ ಬಹಳ ನಾಚಿಕೆಯನ್ನು ಉಂಟುಮಾಡಿತು. ಅವರು ದೆಹಲಿಗೆ ಹೋಗಿ ಹಕೀಂ ಅಜ್ಮಲ್ ಖಾನ್ ಮೊದಲಾದ ನಾಯಕರನ್ನು ಕಂಡು, ಬಿಟ್ಟು ಬರುವ ವಿದ್ಯಾರ್ಥಿಗಳಿಗೆ ಬೇರೊಂದು ರಾಷ್ಟ್ರೀಯ ವಿದ್ಯಾಪೀಠವನ್ನು ಏರ್ಪಡಿಸಿಕೊಡಬೇಕೆಂದು ಕೇಳಿದರು. ಬರಿದೆ ಬಿಟ್ಟು ಬನ್ನಿರೆಂದರೆ ಸಾಲದು, ಬಂದವರಿಗೆ ಪಾಠ ಹೇಳುವವರಾರು ಎಂಬುದೇ ಅವರ ಪ್ರಶ್ನೆ. ಅಸಹಕಾರದ ಆ ಬಿರುಗಾಳಿಯಲ್ಲಿ ಈ ಪ್ರಶ್ನೆಯನ್ನು ಕೇಳಿದವರು ವಿರಳ. ಅಕ್ಟೋಬರ್ 29ರಂದು ಆಲೀಘರಿನಲ್ಲಿಯೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಎಂಬ ವಿದ್ಯಾಪೀಠವು ಸ್ಥಾಪಿತವಾಯಿತು. ಕಟ್ಟಡವಿರಲಿಲ್ಲ, ಡೇರೆಗಳಲ್ಲಿ ಪಾಠಗಳು ನಡೆದುವು. ಜಾಕಿರರು ಕಾಲೇಜಿನ ಉದ್ಯೋಗವನ್ನು ತೊರೆದು ಅಲ್ಲಿ ಬೋಧಕರಾದರು.

ಎರಡು ವರ್ಷಗಳ ತರುವಾಯ ಅವರು ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಗೆ ತೆರಳಿದರು. ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಪ್ರಸಿದ್ಧ ಅರ್ಥಶಾಸ್ತ್ರಜ್ಞರಾದ ವರ್ನರ್ ಸೋಂಬಾರ್ಟರ ಮಾರ್ಗದರ್ಶನದಲ್ಲಿ ಬ್ರಿಟಿಷ್ ಇಂಡಿಯದ ಬೇಸಾಯದ ವ್ಯವಸ್ಥೆಯನ್ನು ಕುರಿತು ಪ್ರಬಂಧ ಬರೆದು ಡಾಕ್ಟರ್ ಪದವಿಯನ್ನು ಪಡೆದರು. ಆದರೆ ಅರ್ಥಶಾಸ್ತ್ರವೊಂದನ್ನೇ ಅವರು ಅಲ್ಲಿ ಕಲಿತುದಲ್ಲ. ಕೈಕೆಲಸದ ಮೂಲಕ ಮಕ್ಕಳಿಗೆ ವಿದ್ಯೆಯನ್ನು ಕೊಡುವ ಜರ್ಮನ್ ಶಿಕ್ಷಣಜ್ಞರ ವಿಚಾರಗಳನ್ನು ಅಭ್ಯಾಸ ಮಾಡಿದರು. ಬರ್ಲಿನಿನ ಕಾವಿಯಾನಿ ಮುದ್ರಣಾಲಯದಲ್ಲಿ ಕವಿ ಗಾಲಿಬರ ಉರ್ದು ಕವನಗಳ ಒಂದು ಸುಂದರವಾದ ಚಿಕ್ಕ ಆವೃತ್ತಿಯನ್ನು ಅಚ್ಚುಹಾಕಿಸಿದರು. ಅಕ್ಷರದ ಮೊಳೆಗಳನ್ನು ತಾವೇ ಜೋಡಿಸಿದರಂತೆ. ಏನನ್ನು ಮಾಡಿದರೂ ಅಂದವಾಗಿ ಮಾಡಬೇಕೆಂಬುದು ಅವರ ಸ್ವಭಾವ. ಕೈಬರಹವಾಗಲಿ, ಉಡುಪಾಗಲಿ, ಹೂವಿನ ಪಾತಿಯಾಗಲಿ, ಸೊಟ್ಟಾಗಿದ್ದರೆ ಅವರಿಗೆ ಸೇರುತ್ತಿರಲಿಲ್ಲ.

ಇತ್ತ ಸ್ವದೇಶದಲ್ಲಿ ಜಾಮಿಯಾದ ಗತಿ ಕೆಟ್ಟಿತು. ಅಸಹಕಾರ ಚಳುವಳಿಯು ನಿಂತಿತು; 1924ರಲ್ಲಿ ತುರ್ಕಿಯವರೇ ಖಿಲಾಫತ್ತನ್ನು ರದ್ದುಮಾಡಿದರು; ಖಿಲಾಫತ್ ಸಮಿತಿಯಿಂದ ಬರುತ್ತಿದ್ದ ಹಣವೂ ನಿಂತಿತು. ವಿದ್ಯಾಪೀಠವನ್ನು ಮುಚ್ಚಿಬಿಡುವುದೇ ಲೇಸೆಂದು ಅನೇಕ ಹಿರಿಯರು ಅಭಿಪ್ರಾಯಪಟ್ಟರು. ಇದನ್ನು ಕೇಳಿದ ಜಾಕಿರರೂ ಅವರ ಸ್ನೇಹಿತರಾದ ಆಬಿದ್ ಹುಸೇನ್, ಮುಹಮ್ಮದ್ ಮುಜೀಬ್ ಎಂಬವರೂ ಜರ್ಮನಿಯಿಂದ ಹಕೀಂ ಸಾಹೇಬರಿಗೆ ತಂತಿ ಕಳುಹಿಸಿ, ತಾವು ಬರುವವರೆಗೆ ಮುಚ್ಚಬಾರದೆಂದೂ ತಮ್ಮ ಬಾಳನ್ನು ಅದಕ್ಕೆ ಒಪ್ಪಿಸುವೆವೆಂದೂ ತಿಳಿಸಿದರು. ಹಣವೊಂದೇ ಕೊರತೆಯಾದರೆ ತಾವು ಭಿಕ್ಷಾಪಾತ್ರೆಯನ್ನು ಹಿಡಿದು ಹೊರಡುವುದಾಗಿ ಗಾಂಧಿಯವರು ಧೈರ್ಯ ಹೇಳಿದರು. ಸಂಸ್ಥೆಯು 1925ರಲ್ಲಿ ಆಲೀಘರಿನಿಂದ ದೆಹಲಿಯ ಕರೋಲ್‌ಬಾಗಿಗೆ ಸ್ಥಳಾಂತರ ಹೊಂದಿತು. ಮುಂದಿನ ವರ್ಷ ಈ ಮೂವರು ಸ್ನೇಹಿತರೂ ಹಿಂದಿರುಗಿ ಬಂದರು. ಇಪ್ಪತ್ತೊಂಬತ್ತು ವರ್ಷದ ಜಾಕಿರ್ ಹುಸೇನರು ಅದರ ಕುಲಪತಿಗಳಾದರು.

ಕುಲಪತಿಯೆಂದರೆ ನಮ್ಮ ವಾಚಕರು ಮೋಟಾರನ್ನೂ ಜವಾನರನ್ನೂ ಊಹಿಸಿಕೊಳ್ಳಬಾರದು. 1927ರ ಡಿಸೆಂಬರಿನಲ್ಲಿ ಹಕೀಂ ಅಜ್ಮಲ್ ಖಾನರು ತೀರಿಹೋದುದರಿಂದ ಸಂಸ್ಥೆಯ ದೊಡ್ಡ ಆಧಾರವೇ ತಪ್ಪಿತು. ಆಗ ಉಪಾಧ್ಯಾಯರು ಒಂದು ಸಂಘವನ್ನು ಕಟ್ಟಿಕೊಂಡು, ಇಪ್ಪತ್ತು ವರ್ಷಗಳ ಕಾಲ ತಿಂಗಳಿಗೆ 150 ರೂಪಾಯಿಗಳಿಗೆ ಮೀರದ ಸಂಬಳಕ್ಕೆ ದುಡಿಯುವೆವೆಂದು ಪ್ರತಿಜ್ಞೆ ಮಾಡಿದರು. ಈ 150 ರೂಪಾಯಿಯೂ ಕಾಗದದ ಮೇಲಿನ ಮಾತೇ. ಕೈಗೆ ಬರುತ್ತಿದ್ದುದು ಅದಕ್ಕಿಂತ ಎಷ್ಟೋ ಕಡಮೆ. ಅದೂ ತಿಂಗಳು ತಿಂಗಳಿಗೆ ಬರುತ್ತಿರಲಿಲ್ಲ. ಐರೋಪ್ಯ ವಿಶ್ವವಿದ್ಯಾನಿಲಯದ ಡಾಕ್ಟರ್ ಪದವಿಯುಳ್ಳವರಿಗೆ ಆಗ ಯಾವ ಬಾಗಿಲು ತಾನೆ ಮುಚ್ಚಿದ್ದಿತು? ಆ ಮನೆಯ ಗೃಹಿಣಿ ಷಾಜಹಾನ್ ಬೇಗಮರನ್ನು ಕುರಿತು ಚರಿತ್ರಕಾರರು ಹೆಚ್ಚಾಗಿ ಬರೆಯುವುದಿಲ್ಲ. ಆಕೆ ಘೋಷಾ ಪದ್ಧತಿಯಲ್ಲಿ ಬೆಳೆದವರು, ಸಭೆಗಳಿಗೆ ಬಂದವರಲ್ಲ. ಆದರೆ ಸಂಬಳವಿಲ್ಲದ ತಿಂಗಳುಗಳಲ್ಲಿ ಅಡಿಗೆಯ ಮನೆಯನ್ನು ನಡೆಯಿಸಿದವರು ಆಕೆ. ಗಂಡಸರ ಪ್ರತಿಜ್ಞೆಗಳ ಬೆಲೆಯನ್ನು ಎಷ್ಟೋ ವೇಳೆ ಹೆಂಗಸರು ತೆರುವರೆಂಬುದನ್ನು ನಮ್ಮ ಓದುಗರಾದ ತಾಯಂದಿರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಕುಲಪತಿಗಳು ಕಾಲೇಜಿನ ತರಗತಿಗಳಿಗಿಂತ ಚಿಕ್ಕ ಮಕ್ಕಳ ಶಾಲೆಯ ಕಡೆಗೇ ಹೆಚ್ಚು ಮನಸ್ಸು ಕೊಟ್ಟರು. ಜಾಮಿಯಾದ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳೇ ಒಂದು ಅಂಗಡಿಯನ್ನೂ ಒಂದು ಚಿಕ್ಕ ಬ್ಯಾಂಕನ್ನೂ ನಡೆಯಿಸುತ್ತಿದ್ದರು. ಲೆಕ್ಕವನ್ನು ಹಲಗೆಯ ಮೇಲಲ್ಲದೆ ವ್ಯವಹಾರದಲ್ಲಿಯೂ ಕಲಿಯುತ್ತಿದ್ದರು. ಪಾದರಕ್ಷೆಗಳನ್ನು ಶುಚಿಮಾಡದೆ ಬರುತ್ತಿದ್ದ ಹುಡುಗರಿಗೆ ಎಷ್ಟು ಹೇಳಿದರೂ ಫಲ ಕಾಣದಿರಲು, ಒಂದು ದಿನ ಕುಲಪತಿಗಳೇ ಬಾಗಿಲಿನಲ್ಲಿ ಕುಂಚವನ್ನೂ ಮಸಿಯ ಡಬ್ಬಿಯನ್ನೂ ಇಟ್ಟುಕೊಂಡು ಕುಳಿತು ಬಂದವರ ಬೂಟುಗಳನ್ನು ತಿಕ್ಕತೊಡಗಿದರೆಂಬ ಕಥೆಯು ಉತ್ತರ ಹಿಂದೂಸ್ಥಾನದ ಶಾಲೆಗಳಲ್ಲೆಲ್ಲ ಪ್ರಚಾರದಲ್ಲಿದೆ. ಮರುದಿನದಿಂದ ಹೇಳುವ ಅಗತ್ಯವೇ ಬೀಳಲಿಲ್ಲವಂತೆ.

ಇನ್ನೊಂದು ಸಂಗತಿಯನ್ನು ಬರೆಯಲು ನಮ್ಮ ಲೇಖನಿ ಹಿಂಜರಿಯುತ್ತದೆ. ಒಂದು ದಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಅವರು ಮಿಠಾಯಿ ಹಂಚುತ್ತಿದ್ದರು. ಸೇವಕನೊಬ್ಬನು ಬಂದು, ಕಾಯಿಲೆಯಿಂದ ಮಲಗಿದ್ದ ಅವರ ಚಿಕ್ಕ ಮಗಳ ಪ್ರಾಣ ಹೋಯಿತೆಂದು ಕಿವಿಯಲ್ಲಿ ತಿಳಿಸಿದನು. ಅವರ ಮುಖ ವಿವರ್ಣವಾಯಿತು. ಆದರೆ ಹಂಚುತ್ತಿದ್ದ ಕೈ ನಿಲ್ಲಲಿಲ್ಲ. ಮಕ್ಕಳ ಸಂತೋಷಕ್ಕೆ ಭಂಗ ತರಲು ಅವರಿಗೆ ಮನಸ್ಸಾಗಲಿಲ್ಲವೆಂದು ಆಮೇಲೆ ಒಡನಾಡಿಗಳಿಗೆ ತಿಳಿಯಿತು. ಇದನ್ನು ಕೇಳಿದವರಲ್ಲಿ ಕೆಲವರು ಮೆಚ್ಚುವರು, ಕೆಲವು ತಾಯಂದಿರು ಮೆಚ್ಚದೆಯೂ ಇರಬಹುದು. ತೀರಿಹೋದ ಮಗುವಿನ ಬಳಿಗೆ ಓಡಿಹೋಗುವುದೇ ತಂದೆಯ ಧರ್ಮವಲ್ಲವೆ ಎನ್ನಬಹುದು. ನಾವು ತೀರ್ಪು ಹೇಳಲಾರೆವು. ಆದರೆ ಅವರು ಆ ಮಗುವನ್ನು ಮರೆಯಲಿಲ್ಲವೆಂಬುದಕ್ಕೆ ಒಂದು ಸಾಕ್ಷ್ಯವಿದೆ. ಮಕ್ಕಳಿಗಾಗಿ ಅವರು ಉರ್ದುವಿನಲ್ಲಿ ಬರೆದ ಕಥೆಗಳು ಅವರ ಹೆಸರಿನಲ್ಲಿ ಅಚ್ಚಾಗಲಿಲ್ಲ. ರೆಹಾನಾ ಎಂಬ ಆ ಮಗಳ ಹೆಸರನ್ನು ಸೇರಿಸಿಕೊಂಡ ಕಾವ್ಯನಾಮದಿಂದ ಪ್ರಕಟವಾದುವು. ಅವುಗಳಲ್ಲಿ ಅಬ್ಬೂ ಖಾನನ ಆಡಿನ ಕಥೆಯು ಬಹು ಪ್ರಸಿದ್ಧವಾದುದು. ಹಗ್ಗವನ್ನು ಸಹಿಸದೆ ಬೆಟ್ಟಕ್ಕೆ ಓಡಿಹೋದ ಆಡೊಂದು ತೋಳನೊಡನೆ ಬೆಳಗಾಗುವವರೆಗೆ ಹೋರಾಡಿ ಮಡಿಯುವುದೇ ಅದರ ವಸ್ತು. ಸ್ವಾತಂತ್ರ್ಯದ ಬೆಲೆಯನ್ನು ಎಳೆಯರಿಗೆ ಅಷ್ಟು ಮೆಲ್ಲನೆ ತಿಳಿಸುವ ಕಥೆಗಳು ಹೆಚ್ಚಿಲ್ಲ.

ಈ ಸ್ಥಳದಲ್ಲಿ ಒಬ್ಬ ಪರದೇಶದ ಸ್ತ್ರೀಯನ್ನು ಸ್ಮರಿಸಬೇಕು. ಗೆರ್ಡಾ ಫಿಲಿಪ್ಸ್‌ಬೋರ್ನ್ ಎಂಬ ಯೆಹೂದಿ ಮಹಿಳೆ ಬರ್ಲಿನಿನಲ್ಲಿ ಈ ಮೂವರು ಭಾರತೀಯರ ಸ್ನೇಹಿತಳಾಗಿದ್ದಳು. ಜಾಮಿಯಾದ ಕಥೆಯನ್ನು ಅವರ ಬಾಯಿಂದ ಕೇಳಿದ್ದ ಆಕೆ 1933ರಲ್ಲಿ ತಾನಾಗಿಯೇ ದೆಹಲಿಗೆ ಬಂದು ಚಿಕ್ಕ ಮಕ್ಕಳ ಪಾಲನೆ ಬೋಧನೆಗಳನ್ನು ವಹಿಸಿಕೊಂಡಳು. ಮಕ್ಕಳು ಆಕೆಯನ್ನು ಆಪಾಜಾನ್, ಎಂದರೆ ಅಕ್ಕಯ್ಯ ಎಂದು ಕರೆಯುತ್ತಿದ್ದರು. ಎರಡನೆಯ ಮಹಾಯುದ್ಧ ಬರಲು, ಆಕೆ ಶತ್ರುದೇಶದವಳೆಂದು ಸರ್ಕಾರವು ಆಕೆಯನ್ನು ಪುರಂದರದ ಶಿಬಿರದಲ್ಲಿ ಕೆಲವು ಕಾಲ ಬಂಧನದಲ್ಲಿಟ್ಟಿತು. ಹಿಟ್ಲರನ ರಾಜ್ಯದಲ್ಲಿ ಯೆಹೂದಿಯೆಂದು ಬಾಳಲು ಅವಕಾಶವಿಲ್ಲದವಳಿಗೆ ಇಲ್ಲಿ ಜರ್ಮನಳೆಂದು ಸೆರೆ! ಬಿಡುಗಡೆಯಾದ ಮೇಲೆ ಮತ್ತೆ ಮಕ್ಕಳ ಬಳಿಗೇ ಬಂದು 1943ರಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಜಾಮಿಯಾದ ರುದ್ರಭೂಮಿಯಲ್ಲಿಯೇ ಆಕೆಯ ಸಮಾಧಿಯಿದೆ. ಮನೆಮಾರುಗಳನ್ನು ಬಿಟ್ಟು ಬಂದು ಅನ್ಯರ ಮಕ್ಕಳಿಗೆ ಅಕ್ಕನೂ ತಾಯಿಯೂ ಆದ ಸ್ತ್ರೀಯರ ಕೈಯಲ್ಲಿ ಓದಿದವರ ಮನೆಗಳಲ್ಲಿ ಈ ಹೆಸರು ತಿಳಿದಿರುವುದು ಯುಕ್ತ.

1935ನೆಯ ಇಸವಿ ಮಾರ್ಚ್ 1ರಂದು ಯಮುನೆಯ ಸಮೀಪದ ಓಖ್ಲಾ ಗ್ರಾಮದಲ್ಲಿ ಜಾಮಿಯಾದ ಸ್ವಂತ ಕಟ್ಟಡಕ್ಕೆ ಅಸ್ತಿಭಾರ ಹಾಕಲಾಯಿತು. ಇಂತಹ ಸಮಾರಂಭಕ್ಕೆ ಯಾರಾದರೊಬ್ಬ ನವಾಬರನ್ನೋ ದಿವಾನರನ್ನೋ ಕರೆಯುವುದು ವಾಡಿಕೆ. ಜಾಕಿರ್ ಹುಸೇನರು ಶಾಲೆಯ ಅತಿ ಚಿಕ್ಕ ವಿದ್ಯಾರ್ಥಿಯ ಕೈಯಿಂದ ಕಲ್ಲನ್ನು ಇಡಿಸಿದರು.

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಗಾಂಧಿಯವರು ಶಿಕ್ಷಣತಜ್ಞರ ಸಮ್ಮೇಳನವನ್ನು ಕೂಡಿಸಿದರು. ಮಕ್ಕಳಿಗೆ ಏಳು ವರ್ಷಗಳ ಕಡ್ಡಾಯ ಶಿಕ್ಷಣವು ಮಾತೃಭಾಷೆಯಲ್ಲಿ, ಒಂದು ಕೈಕಸಬನ್ನು ನಡುವಿಟ್ಟುಕೊಂಡು ನಡೆಯಬೇಕು. ಮಕ್ಕಳು ಉತ್ಪಾದಿಸಿದ ಪದಾರ್ಥಗಳ ಬೆಲೆಯಿಂದ ಉಪಾಧ್ಯಾಯರ ಸಂಬಳವು ಕ್ರಮೇಣ ಹುಟ್ಟಬೇಕು ಎಂಬುದು ಗಾಂಧಿಯವರ ಯೋಜನೆ. ಆ ಸಭೆಯಲ್ಲಿ ಮಹಾತ್ಮರ ಎದುರಿನಲ್ಲಿಯೇ ಜಾಕಿರ್ ಹುಸೇನರು ವಿನಯದಿಂದ, ಆದರೆ ಸ್ಪಷ್ಟವಾಗಿ, ತಮ್ಮ ಸಂಶಯಗಳನ್ನು ಹೇಳಿದರು. ಕೈಕೆಲಸದಿಂದ ಕಲಿಯುವುದು ಹೊಸ ವಿಚಾರವೇನಲ್ಲ, ಒಳ್ಳೆಯದೇ. ಆದರೆ ಸಂಪಾದನೆಯ ಮೇಲೆ ಹೆಚ್ಚು ಕಣ್ಣಿಟ್ಟರೆ ಉಪಾಧ್ಯಾಯನು ಮಕ್ಕಳನ್ನು ದುಡಿಸಿಕೊಳ್ಳುವ ಯಜಮಾನನಾಗಿಬಿಡುವ ಅಪಾಯವುಂಟೆಂಬುದು ಅವರ ಎಚ್ಚರಿಕೆ. ಗಾಂಧಿಯವರ ದೊಡ್ಡತನವನ್ನೂ ಇಲ್ಲಿ ಕಾಣಬೇಕು; ತಮ್ಮ ಯೋಜನೆಯನ್ನು ಪ್ರಶ್ನಿಸಿದವರನ್ನೇ ಅವರು ಪಠ್ಯಕ್ರಮದ ಸಮಿತಿಗೆ ಅಧ್ಯಕ್ಷರನ್ನಾಗಿ ಒಪ್ಪಿದರು. ಡಿಸೆಂಬರಿನೊಳಗಾಗಿ ಸಮಿತಿಯ ವರದಿ ಸಿದ್ಧವಾಯಿತು. ಮೂಲಶಿಕ್ಷಣವೆಂದು ಕನ್ನಡದಲ್ಲಿ ಹೆಸರಾದ ಪದ್ಧತಿ ಇದೇ. ಶಾಲೆಯಲ್ಲಿ ತಕಲಿ ಹಿಡಿದು ನೂಲು ತೆಗೆದ ನೆನಪುಳ್ಳ ಅಜ್ಜಿಯರು ನಮ್ಮ ವಾಚಕರ ಮನೆಗಳಲ್ಲಿ ಇರಬಹುದು.

ಆ ಯೋಜನೆಯು ದೇಶದಲ್ಲಿ ಬೇರೂರಲಿಲ್ಲವೆಂಬುದನ್ನು ನಾವು ಮುಚ್ಚಿಡುವುದಿಲ್ಲ. ತಾಯಿತಂದೆಗಳು ತಮ್ಮ ಮಕ್ಕಳನ್ನು ಪುಸ್ತಕ ಓದಲು ಕಳುಹಿಸಿದರೇ ಹೊರತು ನೂಲು ತೆಗೆಯಲು ಕಳುಹಿಸಲಿಲ್ಲ. ಉಪಾಧ್ಯಾಯರಿಗೆ ತಕ್ಕ ಶಿಕ್ಷಣವಿರಲಿಲ್ಲ. ಹೆಸರು ಉಳಿದು ಸತ್ತ್ವ ಹೋಯಿತು. ಆ ಹೆಸರಿನಲ್ಲಿ ನಡೆಯುತ್ತಿದ್ದುದು ಬಹಳ ಮಟ್ಟಿಗೆ ಮೂಲಶಿಕ್ಷಣವೇ ಅಲ್ಲವೆಂದು ಜಾಕಿರ್ ಹುಸೇನರೇ ಮುಂದೆ ವ್ಯಸನದಿಂದ ಒಪ್ಪಿಕೊಂಡರು.

ರಾಜಕೀಯದಿಂದ ದೂರವಿರಬೇಕೆಂದು ಅವರು ಎಷ್ಟು ಇಚ್ಛಿಸಿದರೂ ರಾಜಕೀಯವು ಅವರನ್ನು ಬಿಡಲಿಲ್ಲ. 1946ರಲ್ಲಿ ಮಧ್ಯಕಾಲದ ಸರ್ಕಾರದ ಮಾತುಕತೆಗಳು ನಡೆಯುತ್ತಿದ್ದಾಗ ಕಾಂಗ್ರೆಸ್ಸಿನ ಪಕ್ಷದಿಂದ ಅವರ ಹೆಸರು ಸೂಚಿತವಾಯಿತು. ಮುಸಲ್ಮಾನರ ಪ್ರತಿನಿಧಿಗಳು ಮುಸ್ಲಿಂ ಲೀಗಿನಿಂದಲೇ ಬರಬೇಕೆಂದು ಹಟ ಹಿಡಿದಿದ್ದ ಜಿನ್ನಾ ಸಾಹೇಬರು ಅದನ್ನು ಕಟುವಾದ ಮಾತುಗಳಿಂದ ನಿರಾಕರಿಸಿದರು. ಅದೇ ವರ್ಷದ ನವೆಂಬರಿನಲ್ಲಿ ಜಾಮಿಯಾದ ರಜತೋತ್ಸವ. ಕಲ್ಕತ್ತಾ, ನೌಖಾಲಿ, ಬಿಹಾರಗಳಲ್ಲಿ ರಕ್ತ ಹರಿದ ಸಮಯವದು. ಜಾಕಿರ್ ಹುಸೇನರು ಯಾರನ್ನೂ ಬಿಡದೆ ಎಲ್ಲರನ್ನೂ ಆಹ್ವಾನಿಸಿದರು. ಎಲ್ಲರೂ ಬಂದರು! ಒಂದೇ ವೇದಿಕೆಯ ಮೇಲೆ ಜವಾಹರಲಾಲ್ ನೆಹರೂ, ಮೌಲಾನಾ ಆಜಾದ್, ರಾಜಗೋಪಾಲಾಚಾರಿ ಒಂದು ಪಕ್ಕದಲ್ಲಿ; ಜಿನ್ನಾ, ಲಿಯಾಖತ್ ಅಲಿ ಖಾನ್ ಇನ್ನೊಂದು ಪಕ್ಕದಲ್ಲಿ. ಕುಲಪತಿಗಳು ಇಪ್ಪತ್ತೈದು ವರ್ಷಗಳ ವರದಿಯನ್ನು ಓದಿ, ಕೊನೆಯಲ್ಲಿ ಈ ನಾಯಕರ ಕಡೆಗೆ ತಿರುಗಿ, ದೇಶದಲ್ಲಿ ಹೊತ್ತಿರುವ ದ್ವೇಷದ ಬೆಂಕಿಯನ್ನು ದಯಮಾಡಿ ಆರಿಸಿರೆಂದು ಬೇಡಿಕೊಂಡರು. ಬೆಂಕಿಯನ್ನು ಹೊತ್ತಿಸಿದವರಾರು ಎಂದು ವಿಚಾರಿಸುವ ಹೊತ್ತು ಇದಲ್ಲ, ಉರಿಯುತ್ತಿರುವ ನೆಲದಲ್ಲಿ ಮಕ್ಕಳನ್ನು ಮನುಷ್ಯರನ್ನಾಗಿ ಬೆಳೆಸುವುದು ಹೇಗೆಂಬುದೇ ಅವರ ಮೊರೆಯ ಸಾರಾಂಶ. ಸಭೆಯಲ್ಲಿ ಅನೇಕರ ಕಣ್ಣುಗಳು ತೇವವಾದುವೆಂದು ಹೇಳುವರು. ಬೆಂಕಿ ಮಾತ್ರ ಆರಲಿಲ್ಲ.

ಅದು ಅವರನ್ನೂ ಮುಟ್ಟಿತು. 1947ರ ಆಗಸ್ಟಿನಲ್ಲಿ ಅವರು ಕಾಶ್ಮೀರಕ್ಕೆಂದು ಪಂಜಾಬಿನ ಮಾರ್ಗವಾಗಿ ರೈಲಿನಲ್ಲಿ ಹೊರಟರು. ಜಾಲಂಧರ್ ನಿಲ್ದಾಣದಲ್ಲಿ ದುಷ್ಕರ್ಮಿಗಳು ಅವರನ್ನು ಹಿಡಿದುಕೊಂಡರು. ಕೊಲೆಯಾಗುವುದು ನಿಶ್ಚಯವೆನ್ನುವ ಹೊತ್ತಿಗೆ ಒಬ್ಬ ಸಿಖ್ ಸೇನಾಧಿಕಾರಿಯೂ ಒಬ್ಬ ಹಿಂದೂ ರೈಲ್ವೆ ನೌಕರರೂ ನಡುವೆ ಬಂದು ಅವರನ್ನು ಉಳಿಸಿದರು. ಇತ್ತ ದೆಹಲಿಯ ಗಲಭೆಗಳಲ್ಲಿ ಕರೋಲ್‌ಬಾಗಿನಲ್ಲಿದ್ದ ಜಾಮಿಯಾದ ಪುಸ್ತಕ ಭಂಡಾರವು ಸುಟ್ಟುಹೋಯಿತು. ಓಖ್ಲಾದ ಶಾಲೆಯ ಸುತ್ತಲೂ ಭಯವು ಕವಿದಿರುವಾಗ, ಕಲ್ಕತ್ತೆಯಿಂದ ಆಗತಾನೆ ಬಂದ ಗಾಂಧಿಯವರು ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗಿ ಧೈರ್ಯ ಹೇಳಿದರು.

ಜಾಕಿರರ ಸ್ವಂತ ತಮ್ಮಂದಿರಾದ ಮಹಮೂದ್ ಹುಸೇನರು ಪಾಕಿಸ್ತಾನಕ್ಕೆ ಹೋದರು. ಅಲ್ಲಿ ಮಂತ್ರಿಗಳೂ ಢಾಕಾ ಮತ್ತು ಕರಾಚಿ ವಿಶ್ವವಿದ್ಯಾನಿಲಯಗಳ ಕುಲಪತಿಗಳೂ ಆದರು. ಒಂದೇ ತಾಯಿಯ ಮಕ್ಕಳಿಬ್ಬರು ಎರಡು ರಾಷ್ಟ್ರಗಳಲ್ಲಿ ವಿದ್ಯೆಯ ಕೆಲಸವನ್ನೇ ಮಾಡಿದರು. ಅಣ್ಣನು ಇಲ್ಲಿಯೇ ನಿಂತನು. ಜಾಲಂಧರಿನ ಘಟನೆಯ ಅನಂತರವೂ ನಿಂತನೆಂಬುದು ಮುಖ್ಯ. ಆ ಘಟನೆಯನ್ನು ಹೇಳುವಾಗ ಕೊಲ್ಲಬಂದವರನ್ನು ಮುಂದಿಟ್ಟು ಹೇಳಬಹುದು, ಉಳಿಸಿದವರನ್ನು ಮುಂದಿಟ್ಟೂ ಹೇಳಬಹುದು. ಯಾವುದನ್ನು ತಾವು ನೆನಪಿನಲ್ಲಿಟ್ಟುಕೊಂಡರೆಂಬುದನ್ನು ಅವರ ಮುಂದಿನ ಇಪ್ಪತ್ತೆರಡು ವರ್ಷಗಳು ತೋರಿಸುತ್ತವೆ.

1948ರಲ್ಲಿ ಅವರು ಆಲೀಘರ್ ಮುಸ್ಲಿಂ ವಿಶ್ವವಿದ್ಯಾನಿಲಯಕ್ಕೆ ಕುಲಪತಿಗಳಾಗಿ ಹೋದರು. ಇಪ್ಪತ್ತೆಂಟು ವರ್ಷಗಳ ಹಿಂದೆ ತಾವು ಪ್ರತಿಭಟಿಸಿ ಬಿಟ್ಟುಬಂದಿದ್ದ ಸ್ಥಳವದು. ಪಾಕಿಸ್ತಾನದ ಚಳುವಳಿಗೆ ಅದು ತವರುಮನೆಯಾಗಿದ್ದಿತೆಂದು ದೇಶವು ಅದನ್ನು ಶಂಕೆಯಿಂದ ನೋಡುತ್ತಿದ್ದಿತು. ಉಪಾಧ್ಯಾಯರೂ ವಿದ್ಯಾರ್ಥಿಗಳೂ ಅನೇಕರು ಗಡಿಯಾಚೆಗೆ ಹೋಗಿದ್ದರು. ಉಳಿದವರು ನಾಳೆಯ ಬಗೆಗೆ ಅಂಜಿದ್ದರು. ಎಂಟು ವರ್ಷಗಳ ಕಾಲ ಅವರು ಆ ಅಂಜಿಕೆಯನ್ನು ಬಿಡಿಸುವ ಕೆಲಸ ಮಾಡಿದರು. ಅಲ್ಲಿನ ಒಣನೆಲದಲ್ಲಿ ಗುಲಾಬಿಗಳನ್ನೂ ಕಾಗದದ ಹೂವಿನ ಬಳ್ಳಿಗಳನ್ನೂ ಬೆಳೆಸಿದರು. ಇದೂ ಆ ಕೆಲಸದ ಒಂದು ಭಾಗವೇ ಎಂದು ನಾವು ಭಾವಿಸುತ್ತೇವೆ. ಬಿಟ್ಟು ಹೋಗಬೇಕೆಂದಿರುವವರು ತೋಟ ಹಾಕುವುದಿಲ್ಲ.

ಇಲ್ಲಿಂದ ಮುಂದೆ ಪದವಿಗಳು ಒಂದರ ಹಿಂದೊಂದು ಬಂದುವು, ಬೇಗನೆ ಹೇಳಿಬಿಡುವೆವು. 1952ರಲ್ಲಿ ರಾಜ್ಯಸಭೆಯ ಸದಸ್ಯತ್ವ; 1954ರಲ್ಲಿ ಪದ್ಮವಿಭೂಷಣ; 1957ರಲ್ಲಿ ಬಿಹಾರದ ರಾಜ್ಯಪಾಲ ಪದವಿ; 1962ರಲ್ಲಿ ಉಪರಾಷ್ಟ್ರಪತಿ ಪದವಿ; 1963ರಲ್ಲಿ ಭಾರತರತ್ನ. ಬಿಹಾರದಲ್ಲಿ ವಿಶ್ವವಿದ್ಯಾನಿಲಯಗಳ ಸ್ವಾತಂತ್ರ್ಯಕ್ಕೆ ಕುಂದು ತರುವಂತಹ ಮಸೂದೆಯೊಂದು ಬಂದಾಗ, ಅದಕ್ಕೆ ಅಂಕಿತ ಹಾಕುವುದಕ್ಕಿಂತ ರಾಜೀನಾಮೆ ಕೊಡುವುದೇ ಮೇಲೆಂದು ಅವರು ನಿಂತರು, ಸರ್ಕಾರವೇ ಹಿಂದೆಗೆಯಿತು. ಮೃದುವಾದ ಮಾತಿನವರೆಂದು ತಿಳಿದಿದ್ದವರಿಗೆ ಇದು ಆಶ್ಚರ್ಯವನ್ನುಂಟುಮಾಡಿತು.

1967ರ ರಾಷ್ಟ್ರಪತಿ ಚುನಾವಣೆಯು ಹಿಂದಿನವುಗಳಂತೆ ನಿರಾಯಾಸವಾದುದಾಗಿರಲಿಲ್ಲ. ಆ ವರ್ಷದ ಮಹಾಚುನಾವಣೆಯಲ್ಲಿ ಕಾಂಗ್ರೆಸ್ ಅನೇಕ ಪ್ರಾಂತಗಳನ್ನು ಕಳೆದುಕೊಂಡಿದ್ದಿತು. ವಿರೋಧ ಪಕ್ಷಗಳವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸುಬ್ಬರಾಯರನ್ನು ಎದುರು ನಿಲ್ಲಿಸಿದರು, ಅವರೂ ಘನವಂತರೇ. ಮುಸಲ್ಮಾನರೊಬ್ಬರನ್ನು ದೇಶವು ಈ ಪೀಠಕ್ಕೆ ಒಪ್ಪುವುದೆ ಎಂಬ ಸಂಶಯವು ಕಾಂಗ್ರೆಸ್ಸಿನವರಲ್ಲಿಯೂ ಹಲವರಿಗಿದ್ದಿತು. ಮತಗಳನ್ನು ಎಣಿಸಲಾಗಿ ಜಾಕಿರ್ ಹುಸೇನರಿಗೆ 4,71,244, ಸುಬ್ಬರಾಯರಿಗೆ 3,63,971 ಬಂದಿದ್ದುವು. ವಿಭಜನೆಯಾದ ಇಪ್ಪತ್ತು ವರ್ಷಗಳೊಳಗೆ ಭಾರತವು ಮುಸಲ್ಮಾನರೊಬ್ಬರನ್ನು ತನ್ನ ಮೊದಲ ಪ್ರಜೆಯನ್ನಾಗಿ ಆರಿಸಿತು. ಅವರಿಗಿಂತ ಹಿಂದಿನ ರಾಷ್ಟ್ರಪತಿಗಳಾದ ರಾಧಾಕೃಷ್ಣನ್ನರೂ ಉಪಾಧ್ಯಾಯರೇ. ನಮ್ಮ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು. ಹೊಸದಾಗಿ ಉಪರಾಷ್ಟ್ರಪತಿಗಳಾದ ವಿ. ವಿ. ಗಿರಿಯವರು ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದು ಬೆಂಗಳೂರಿನಿಂದಲೇ ದೆಹಲಿಗೆ ಹೋದವರು.

ಹೊಸ ರಾಷ್ಟ್ರಪತಿಗಳು ಗಾಂಧಿಯವರ ಸಮಾಧಿಗೆ ಹೋಗಿ ನಮಿಸಿದರು. ಭಾರತವೆಲ್ಲ ತಮ್ಮ ಮನೆ, ಅದರ ಜನರೆಲ್ಲ ತಮ್ಮ ಕುಟುಂಬ ಎಂಬ ಅರ್ಥದ ಮಾತುಗಳನ್ನು ತಮ್ಮ ಮೊದಲ ಭಾಷಣದಲ್ಲಿ ಹೇಳಿದರು. ಶೃಂಗೇರಿಯ ಜಗದ್ಗುರುಗಳನ್ನೂ ಒಬ್ಬ ಜೈನ ಮುನಿಗಳನ್ನೂ ಕಂಡು ಆಶೀರ್ವಾದ ಬೇಡಿದರು. ಇದಕ್ಕಾಗಿ ಅವರ ಮತದವರಲ್ಲಿ ಕೆಲವರು ಅವರನ್ನು ನಿಂದಿಸಿದರು. ಅವರು ತಮ್ಮ ಮತಾಚಾರಗಳಲ್ಲಿ ನಿಷ್ಠೆಯುಳ್ಳವರಾಗಿಯೇ ಇದ್ದರು. ಉತ್ತರ ಹೇಳಲು ಹೋಗಲಿಲ್ಲ.

ಅವರ ಕಾಲದಲ್ಲಿ ಪ್ರಾಂತಗಳಲ್ಲಿ ಸಮ್ಮಿಶ್ರ ಸರ್ಕಾರಗಳು ಏಳುತ್ತ ಬೀಳುತ್ತ ಇದ್ದುವು. ಹರಿಯಾಣಾ, ಪಶ್ಚಿಮ ಬಂಗಾಳ, ಉತ್ತರ ಪ್ರದೇಶ, ಬಿಹಾರ, ಪಂಜಾಬುಗಳಿಗೆ ಒಂದಾದ ಮೇಲೊಂದರಂತೆ ರಾಷ್ಟ್ರಪತಿಯ ಆಳ್ವಿಕೆಯ ಘೋಷಣೆಗಳು ಅವರ ಅಂಕಿತದಿಂದ ಹೊರಟುವು. ಅವರು ಮಂತ್ರಿಮಂಡಲವನ್ನು ಇನ್ನಷ್ಟು ಪ್ರಶ್ನಿಸಬೇಕಾಗಿದ್ದಿತೆನ್ನುವವರು ಉಂಟು. ರಾಜ್ಯಾಂಗವು ಆ ಪೀಠಕ್ಕೆ ಹಾಕಿರುವ ಎಲ್ಲೆಯನ್ನು ಅವರು ದಾಟಲಿಲ್ಲವೆಂದಷ್ಟೇ ನಾವು ಹೇಳುವೆವು. ಬಿಹಾರದಲ್ಲಿ ತೋರಿಸಿದ ಗಟ್ಟಿತನವನ್ನು ದೆಹಲಿಯಲ್ಲಿ ತೋರಿಸುವ ಪ್ರಸಂಗವೇ ಬರಲಿಲ್ಲವೋ, ಬಂದರೂ ಅವರು ಸುಮ್ಮನಿದ್ದರೋ, ಚರಿತ್ರಕಾರರು ತೀರ್ಮಾನಿಸಲಿ. ಹಂಗೇರಿ, ಯುಗೋಸ್ಲಾವಿಯಾ, ರಷ್ಯಾ, ನೇಪಾಳ ದೇಶಗಳಿಗೆ ಅವರು ರಾಜ್ಯದ ಅತಿಥಿಯಾಗಿ ಹೋಗಿ ಬಂದರು. ರಾಷ್ಟ್ರಪತಿ ಭವನದ ತೋಟದಲ್ಲಿ ಅವರ ಮುತುವರ್ಜಿಯಿಂದ ಹೊಸ ಹೊಸ ಗುಲಾಬಿ ಜಾತಿಗಳು ಬಂದುವು. ಹೂವುಗಳಂತೆ ಕಲ್ಲುಗಳನ್ನೂ ಶಿಲಾರೂಪವಾದ ಪ್ರಾಚೀನ ಜೀವಾವಶೇಷಗಳನ್ನೂ ಕೂಡಿಸಿಡುವ ಹವ್ಯಾಸವು ಅವರಿಗಿದ್ದಿತು. ಚಂಡೀಗಢದಲ್ಲಿ 1967ರಲ್ಲಿ ಏರ್ಪಟ್ಟ ವಿಸ್ತಾರವಾದ ಗುಲಾಬಿ ತೋಟಕ್ಕೆ ಅವರ ಹೆಸರನ್ನೇ ಇಟ್ಟರು.

1969ರ ಏಪ್ರಿಲಿನ ಕೊನೆಯಲ್ಲಿ ಈಶಾನ್ಯದ ಪ್ರವಾಸದಿಂದ ಬಳಲಿ ಹಿಂದಿರುಗಿದ ಅವರು ಮೇ 3ರಂದು ರಾಷ್ಟ್ರಪತಿ ಭವನದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಗಿರಿಯವರು ಅಂದೇ ಹಂಗಾಮಿಯಾಗಿ ಅಧಿಕಾರ ವಹಿಸಿದರು. ಎಂಟು ವರ್ಷಗಳ ಮೇಲೆ ಫಕ್ರುದ್ದೀನ್ ಅಲಿ ಅಹಮದರೂ ಇದೇ ರೀತಿಯಲ್ಲಿ ಅಧಿಕಾರದಲ್ಲಿರುವಾಗಲೇ ಮಡಿದಾಗ, 1977ರ ಫೆಬ್ರವರಿಯಿಂದ ಜುಲೈವರೆಗೆ ಆ ಸ್ಥಾನದಲ್ಲಿ ನಿಂತವರು ನಮ್ಮ ಜಮಖಂಡಿ ಸೀಮೆಯ ಬಿ. ಡಿ. ಜತ್ತಿಯವರು. ಜಾಕಿರ್ ಹುಸೇನರ ಹಿರಿಯ ಮಗಳು ಸಯೀದಾ ಅವರ ಪತಿ ಖುರ್ಷಿದ್ ಆಲಂ ಖಾನರು 1991ರಿಂದ 1999ರವರೆಗೆ ಕರ್ನಾಟಕದ ರಾಜ್ಯಪಾಲರಾಗಿದ್ದುದನ್ನೂ ನಮ್ಮ ವಾಚಕರು ಬಲ್ಲರು.

ರಾಷ್ಟ್ರಪತಿಗಳ ದೇಹವನ್ನು ಸೈನಿಕ ಮರ್ಯಾದೆಗಳೊಡನೆ ಓಖ್ಲಾಕ್ಕೆ ಕೊಂಡೊಯ್ದು, ಜಾಮಿಯಾದ ಆವರಣದಲ್ಲಿ, ಗ್ರಂಥಾಲಯಕ್ಕೂ ಮಸೀದಿಗೂ ನಡುವಣ ನೆಲದಲ್ಲಿ ಹೂಳಿದರು. ಸಮಾಧಿಯ ಮೇಲಣ ಮಂಟಪವನ್ನು ರಚಿಸಿದವರು ವಾಸ್ತುಶಿಲ್ಪಿ ಹಬೀಬ್ ರಹಮಾನರು. ಷಾಜಹಾನ್ ಬೇಗಮರನ್ನೂ ಅನಂತರ ಅಲ್ಲಿಯೇ, ಪತಿಯ ಪಕ್ಕದಲ್ಲಿ ಮಲಗಿಸಿದರು.